ಅಟ್ಟದ ಸೀಸೆಗಳಲ್ಲಿ ಏನಿತ್ತು?

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ಹಳೆಯ ಮನೆಯೊಂದರ ಅಟ್ಟವನ್ನು ಬರಿದು ಮಾಡುವಾಗ, ಮರದ ಪೆಟ್ಟಿಗೆಯೊಳಗೆ ಬೆರಳುದ್ದದ ಕೆಲವು ಗಾಜಿನ ಸೀಸೆಗಳು ದೊರೆತವು. ಅವು ಅಜ್ಜನವರ ಅತ್ತರಿನ ಸೀಸೆಗಳೆಂದು ಬಗೆದ ಮನೆಯವರು, ತೊಳೆದು, ಗಂಧೋದಕ ತುಂಬಿಡಲು ಬಸದಿಗೆ ಒಪ್ಪಿಸಬೇಕೆಂದಿದ್ದರು. ಭಾವನೆ ಶ್ಲಾಘ್ಯವೇ. ಆದರೆ ಬಸದಿಯ ದಾಖಲೆ ಪುಸ್ತಕದಲ್ಲಿ 'ಅತ್ತರಿನ ಸೀಸೆ' ಎಂದು ಬರೆಯುವ ಮುನ್ನ ಅದು ನಿಜವೇ ಎಂದು ವಿಚಾರಿಸುವುದು ಸತ್ಯಾಣುವ್ರತಿಗಳಿಗೆ ಕರ್ತವ್ಯವಲ್ಲವೇ?

ಗಾಜು ತನ್ನ ಚರಿತ್ರೆಯನ್ನು ತಕ್ಕಮಟ್ಟಿಗೆ ತಾನೇ ಹೇಳುತ್ತದೆ. ಸೀಸೆಯ ಪಕ್ಕದಲ್ಲಿ ಮೇಲೇರುವ ಅಚ್ಚಿನ ಗೆರೆ ಕತ್ತಿನ ಬಳಿ ಅಳಿಸಿಹೋಗಿದ್ದರೆ, ಅದರ ಬಾಯಿಯನ್ನು ಕೈಯಿಂದ ರೂಪಿಸಲಾಗಿದೆ. ಗೆರೆ ಬಾಯಿಯ ಅಂಚನ್ನೂ ದಾಟಿದ್ದರೆ ಅದು ಯಂತ್ರದ ಕೆಲಸ. ಅಮೆರಿಕದ ಮೈಕೆಲ್ ಓವೆನ್ಸ್ ಅಂತಹ ಸ್ವಯಂಚಾಲಿತ ಯಂತ್ರವನ್ನು ಸಿದ್ಧಪಡಿಸಿದ್ದು 1903ರಲ್ಲಿ. ಆದರೆ ನಮ್ಮ ದೇಶದಲ್ಲಿ ಕೈಯೂದುವ ಕೆಲಸ ಅದರ ನಂತರವೂ ಬಹುಕಾಲ ನಡೆದುದರಿಂದ, ಗೆರೆಯೊಂದನ್ನೇ ನಂಬಿ ಕಾಲನಿರ್ಣಯ ಮಾಡುವುದು ತರವಲ್ಲ.

ಉಪಯೋಗವನ್ನು ತಿಳಿಸುವುದು ಆಕಾರ. ಉಜ್ಜಿ ಕೂಡಿಸಿದ ಗಾಜಿನ ಬಿರಡೆ, ಅದರ ತುದಿಯಲ್ಲಿ ತೊಟ್ಟು ಎತ್ತುವ ಸಣ್ಣ ಕಡ್ಡಿ ಇದ್ದರೆ ಅತ್ತರು. ತೆಳುವಾದ, ನೆಟ್ಟಗಿನ ಕೊಳವೆಗೆ ಬೆಂಡಿನ ಬಿರಡೆಯಿದ್ದರೆ ಬಹುಮಟ್ಟಿಗೆ ಹೋಮಿಯೋಪತಿಯ ಗುಳಿಗೆ. ಪಕ್ಕದಲ್ಲಿ ಅಳತೆಯ ಗೀಟುಗಳಿದ್ದರೆ ಔಷಧದ 'ಮಿಕ್ಸ್ಚರ್'. ಹಳೆಯ ಸಾಮಾನಿನ ವ್ಯಾಪಾರಿಗಳು ಎಲ್ಲವನ್ನೂ ಅತ್ತರಿನದೆಂದೇ ಹೇಳುತ್ತಾರೆ. ಬೆಲೆ ಹೆಚ್ಚು ಬರುತ್ತದೆ.

ಆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಚೆಲುವಾಗಿದ್ದುದು ಕಡುನೀಲಿಯ ಆರು ಮೂಲೆಯ ಸೀಸೆ. ಮೈತುಂಬ ಉಬ್ಬುಗೆರೆಗಳು. ಬಸದಿಗೆ ಮೊದಲು ಇದನ್ನೇ ಕೊಡಬೇಕೆಂದು ಆರಿಸಲಾಗಿತ್ತು. ಅದು ವಿಷದ ಸೀಸೆ! ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಔಷಧ ವ್ಯಾಪಾರಿಗಳು, ಕುಡಿಯಬಾರದ ದ್ರವವನ್ನು ಕತ್ತಲಲ್ಲಿಯೂ ಕೈ ಗುರುತಿಸಲೆಂದು ಇಂತಹ ಸೀಸೆಗಳನ್ನು ಬಳಕೆಗೆ ತಂದರು. ಅದರ ಬಿರಡೆಯನ್ನು ತೆಗೆಯದೆ ಬೇರೆ ಇರಿಸಲಾಯಿತು.

ಉಳಿದವುಗಳಲ್ಲಿ ಎರಡು ಅತ್ತರಿನವೇ. ಇಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ಕನೌಜಿನ ಸಾಂಪ್ರದಾಯಿಕ ಅತ್ತರಿಗೆ ಶ್ರೀಗಂಧದ ಎಣ್ಣೆಯೇ ಆಧಾರ, ಅದರಲ್ಲಿ ಮದ್ಯಸಾರವಿಲ್ಲ. ಆದರೆ ಕಸ್ತೂರಿ ಬೆರೆತಿದ್ದರೆ? ಗಂಡು ಕಸ್ತೂರಿಮೃಗದ ಗ್ರಂಥಿಗಾಗಿ ಆ ಪ್ರಾಣಿಯನ್ನೇ ಕೊಲ್ಲುತ್ತಿದ್ದರು. ಸುವಾಸನೆಗೆ ಮಾರುಹೋಗಿ ಇದನ್ನು ಮರೆಯುವುದು ಸುಲಭ.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಮಾತ್ರ ಗೀಟುಗಳಿದ್ದ ಸಾಮಾನ್ಯ ಸೀಸೆ. ಆ ಕಾಲದ ಇಂಗ್ಲಿಷ್ ಔಷಧಗಳಲ್ಲಿ ಅನೇಕವು ಮದ್ಯಸಾರದಲ್ಲಿ ತಯಾರಾದ 'ಟಿಂಕ್ಚರ್'ಗಳು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಅಷ್ಟ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗ ಸೇರಿದೆ. ಔಷಧದಲ್ಲಿಯೂ ಈ ಮೂರನ್ನು ಬಿಡಬಹುದೆಂಬುದನ್ನು ಒಂಬತ್ತನೆಯ ಶತಮಾನದಲ್ಲಿಯೇ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ದಲ್ಲಿ ತೋರಿಸಿಕೊಟ್ಟರು. ನೃಪತುಂಗನ ಸಭೆಯಲ್ಲಿ ಮಾಂಸೌಷಧವನ್ನು ಖಂಡಿಸಿದ ವಿಚಾರವೂ ಆ ಗ್ರಂಥದ ಕೊನೆಯಲ್ಲಿದೆ. ಹದಿನಾಲ್ಕನೆಯ ಶತಮಾನದ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಚಿಕಿತ್ಸೆಯನ್ನು ಕನ್ನಡದಲ್ಲಿಯೇ ವಿವರಿಸಿದ. ಇಷ್ಟೆಲ್ಲ ಪರಂಪರೆಯಿದ್ದ ಮನೆಗೆ ಆ ಸೀಸೆ ಹೇಗೆ ಬಂತು? 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗಿನಂತಹ ಮಾರಿಗಳನ್ನು ನೆನೆದರೆ, ರೋಗಿಯ ತಲೆದೆಸೆಯಲ್ಲಿ ಕುಳಿತವರ ಸಂಕಟ ಅರ್ಥವಾಗುತ್ತದೆ. ಅವರನ್ನು ವ್ರತಭಂಗಿಗಳೆನ್ನಲು ನನ್ನ ಮನಸ್ಸು ಒಪ್ಪದು.

ಮನೆಯ ಹಿರಿಯರು ಆ ಸೀಸೆಯನ್ನು ಬಚ್ಚಿಡಲು ಬಯಸಲಿಲ್ಲ. 'ಔಷಧದ್ದು' ಎಂದು ಚೀಟಿ ಬರೆದು, ಅತ್ತರಿನ ಸೀಸೆಗಳ ಪಕ್ಕದಲ್ಲಿಯೇ ಇರಿಸಿದರು. ಗಂಧೋದಕಕ್ಕೆ ಹೊಸ ಬೆಳ್ಳಿಯ ಗಿಂಡಿಯನ್ನು ಮಾಡಿಸಿಕೊಟ್ಟರು.