ವರಾಹದ ಮುದ್ರೆ ಬದಲಾದ ಬಗೆ: ಮೈಸೂರು–ದಿಂಡಿಗಲ್ ಸೀಮೆಯ ಒಂದು ಅವಲೋಕನ

ತಮಿಳುನಾಡಿನ ತೇನಿ ಜಿಲ್ಲೆಯ ಕೊಂಬೈ, ಕನ್ನಡ ಮನೆಮಾತಿನ ಕಾಪ್ಪಿಲಿಯರ ಹಳೆಯ ಪಾಳೆಯಪಟ್ಟು. ಅದು ಸೇರಿದ್ದ ದಿಂಡಿಗಲ್ ಸೀಮೆಗೆ 1755ರಲ್ಲಿ ಹೈದರ್ ಅಲಿ ಮೈಸೂರಿನ ಫೌಜುದಾರನಾಗಿ ಬಂದ. 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಈ ನಡುವಿನ ಕಾಲದಲ್ಲೇ ಮೈಸೂರಿನ ಚಿನ್ನದ ನಾಣ್ಯವಾದ ವರಾಹದ ಮುದ್ರೆ ಬಹಳ ಬದಲಾಯಿತು. ಬದಲಿಸುವ ಅಧಿಕಾರ ಯಾರದಿತ್ತು, ಆ ಅಧಿಕಾರಕ್ಕೆ ಮಿತಿ ಎಲ್ಲಿತ್ತು ಎಂಬುದೇ ಇಲ್ಲಿನ ಪ್ರಶ್ನೆ.

ವಿಜಯನಗರದಲ್ಲಿ ಮುದ್ರೆ ಅರಸನ ಇಷ್ಟಕ್ಕೆ ಬಿಟ್ಟದ್ದು. ಕೃಷ್ಣದೇವರಾಯನ ವರಾಹದಲ್ಲಿ ಬಾಲಕೃಷ್ಣನಿದ್ದರೆ, ಅವನ ತರುವಾಯ ಬಂದ ಅಚ್ಯುತರಾಯ ಗಂಡಭೇರುಂಡವನ್ನು ಮೂಡಿಸಿದ. ಇಕ್ಕೇರಿ ನಾಯಕರು ಶಿವ-ಪಾರ್ವತಿಯರ ಮುದ್ರೆಯನ್ನು ಉಳಿಸಿಕೊಂಡರು. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ನರಸಿಂಹನ ಮುದ್ರೆಯ ಕಂಠೀರವ ಹಣವನ್ನು ಹೊರಡಿಸಿದರು. ಹತ್ತು ಹಣಕ್ಕೆ ಒಂದು ಕಂಠೀರವ ವರಾಹ. ಆ ವರಾಹ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು.

1763ರಲ್ಲಿ ಬಿದನೂರು ಗೆದ್ದ ಹೈದರ್ ಇಕ್ಕೇರಿ ವರಾಹವನ್ನು ಮೂಲೆಗೊತ್ತಲಿಲ್ಲ. ಮುಂಬದಿಯ ಶಿವ-ಪಾರ್ವತಿಯರನ್ನು ಹಾಗೆಯೇ ಇರಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಒತ್ತಿಸಿದ. ಜನ ಬಳಸುತ್ತಿದ್ದ ನಾಣ್ಯದ ಮೇಲೆ ಆಳುವವನ ಗುರುತು ಹೀಗೆ ಸದ್ದಿಲ್ಲದೆ ಸೇರಿತು.

ಟಿಪ್ಪು ಸುಲ್ತಾನ್ ದಾರಿ ಬೇರೆ. ಅವನ ಚಿನ್ನದ ನಾಣ್ಯಗಳಲ್ಲಿ ಮೂರ್ತಿಗಳಿಲ್ಲ, ಪಾರಸಿ ಲೇಖಗಳಿವೆ. ಮೊಗಲ್ ಬಾದಶಹನ ಹೆಸರೂ ಇಲ್ಲ. ಅಹ್ಮದಿ, ಸಿದ್ದೀಕಿ, ಫಾರೂಕಿ ಎಂಬ ಹೊಸ ಹೆಸರುಗಳು ಬಂದವು. 1787ರಿಂದ, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಯಿತು. ಊರುಗಳಿಗೂ ಹೊಸ ಹೆಸರು ಬಿತ್ತು: ನಾಣ್ಯಗಳ ಮೇಲಿನ ಖಾಲಿಕಾಬಾದ್ ಟಂಕಸಾಲೆಯನ್ನು ಕೆಲವು ನಾಣ್ಯಶಾಸ್ತ್ರಜ್ಞರು ದಿಂಡಿಗಲ್ ಎಂದೇ ಗುರುತಿಸುತ್ತಾರೆ. ಇಷ್ಟಾದರೂ ಫಾರೂಕಿಯ ತೂಕ ಹಳೆಯ ವರಾಹದ್ದೇ, ಸುಮಾರು 3.4 ಗ್ರಾಂ. ಹಿಂಬದಿಯಲ್ಲಿ ತಂದೆ ಹೈದರನ ಅಕ್ಷರವೂ ಉಳಿಯಿತು. ಟಿಪ್ಪು ಮಡಿದ 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿ ಶಿವ-ಪಾರ್ವತಿಯರು ಮರಳಿದರು, ಹಿಂಬದಿಗೆ ನಾಗರಿಯಲ್ಲಿ ‘ಶ್ರೀ ಕೃಷ್ಣರಾಜ’ ಬಂತು. ತೂಕ ಮಾತ್ರ ಆಗಲೂ ಕದಲಲಿಲ್ಲ.

ಕಂಪನಿಯ ಆಳ್ವಿಕೆಯಲ್ಲಿ ಅಪ್ಪಣೆಯ ಜಾಗಕ್ಕೆ ಶಾಸನ ಬಂತು. ಮದರಾಸು ಪ್ರಾಂತ್ಯದಲ್ಲಿ 1818ರಲ್ಲಿ ವರಾಹದ ಬದಲು ರೂಪಾಯಿ ಪ್ರಮಾಣವಾಯಿತು. 1835ರ 17ನೇ ಕಾಯ್ದೆ ಏಕರೂಪ ನಾಣ್ಯಗಳನ್ನು ತಂದು, ನಾಲ್ಕನೆಯ ವಿಲಿಯಮ್ ದೊರೆಯ ಮುಖವನ್ನು ಮೂಡಿಸಿತು. ಚಿನ್ನದ ನಾಣ್ಯಕ್ಕೆ ಕಾನೂನುಬದ್ಧ ಚಲಾವಣೆಯ ಹಕ್ಕನ್ನೂ ತೆಗೆಯಿತು. ಇಂದು ನಾಣ್ಯದ ಅಳತೆ, ಲೋಹ, ವಿನ್ಯಾಸಗಳನ್ನು 2011ರ ನಾಣ್ಯ ಕಾಯ್ದೆಯಡಿ ಕೇಂದ್ರ ಸರ್ಕಾರ ನಿರ್ಧರಿಸುತ್ತದೆ. 2015ರಲ್ಲಿ ಬಿಡುಗಡೆಯಾದ ಭಾರತೀಯ ಚಿನ್ನದ ನಾಣ್ಯದಲ್ಲಿ ಒಂದು ಬದಿ ಅಶೋಕಚಕ್ರ, ಇನ್ನೊಂದು ಬದಿ ಗಾಂಧೀಜಿ. ಆದರೆ ಅದು ಚಲಾವಣೆಯ ಹಣವಲ್ಲ.

ಈ ಸರಣಿಯಿಂದ ಕಾಣುವುದಿಷ್ಟು: ಮುದ್ರೆಯನ್ನು ಅರಸ ಬದಲಿಸಬಲ್ಲ, ತೂಕವನ್ನು ಪೇಟೆ ಬಿಟ್ಟುಕೊಡುವುದಿಲ್ಲ. ಮೂರ್ತಿ ಉಳಿಸಿದ ಹೈದರನೂ ತೆಗೆದುಹಾಕಿದ ಟಿಪ್ಪುವೂ ವರಾಹದ ತೂಕಕ್ಕೆ ಕೈಹಾಕಲಿಲ್ಲ. ಆದ್ದರಿಂದ ನಾಣ್ಯಗಳಿಂದ ಇತಿಹಾಸ ಬರೆಯುವವರು ಚಿತ್ರ, ಲೇಖಗಳ ಜೊತೆಗೆ ತೂಕವನ್ನೂ ಸಮನಾದ ಆಕರವಾಗಿ ಪರಿಗಣಿಸಬೇಕು.