ನಮ್ಮ ಪೇಟೆ ಓಣಿಯೂ ಕುಮಟಾ ಬಂದರವೂ

ಓಣಿಯೆಂದರೆ ಮನೆ, ಗುಡಿ, ಅಂಗಡಿ ನೆನಪಾಗುತ್ತವೆ, ಬಂದರ ನೆನಪಾಗುವುದಿಲ್ಲ. ಆದರೆ ರೋಣದ ಪೇಟೆ ಓಣಿಯ ಚರಿತ್ರೆಯನ್ನು ಕುಮಟಾದಿಂದಲೇ ಆರಂಭಿಸಬೇಕೆಂದು ನನ್ನ ಎಣಿಕೆ.

1997ರಲ್ಲಿ ಗದಗ ಜಿಲ್ಲೆಯಾಗುವವರೆಗೂ ನಮ್ಮದು ಧಾರವಾಡ ಜಿಲ್ಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಜಿಲ್ಲೆಯ ಎರಿ ಹೊಲದ ಹತ್ತಿ ಮೊದಲು ಎತ್ತಿನ ಹೇರಾಗಿ, ಬಳಿಕ ಚಕ್ಕಡಿಯೇರಿ, ಘಟ್ಟ ಇಳಿದು ಕುಮಟಾ ಸೇರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂದೆ ಇಂಗ್ಲೆಂಡಿನ ಗಿರಣಿಗಳಿಗೆ. ಮಳೆ ಹಿಡಿಯುವ ಮುನ್ನ ಅಂಡಿಗೆಗಳು ಬಂದರ ಮುಟ್ಟಲೇಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ದರ ಏರಿತು. ಯುದ್ಧ ಮುಗಿಯುತ್ತಲೇ ಇಳಿಯಿತು. ಬೆಳೆದವರು ನಮ್ಮವರು, ಹೆಸರು ಬಂದರದ್ದು: ವ್ಯಾಪಾರದಲ್ಲಿ ಅದು ‘ಕುಮಟಾ ಹತ್ತಿ’.

1884ರಲ್ಲಿ ಹೋಟಗಿ–ಗದಗ ರೈಲು ಬಂತು. ರೋಣಕ್ಕೆ ಹತ್ತಿರದ ನಿಲ್ದಾಣ ಮಲ್ಲಾಪುರ. ಚಕ್ಕಡಿಗಳು ಘಟ್ಟ ಬಿಟ್ಟು ನಿಲ್ದಾಣದತ್ತ ತಿರುಗಿದವು, ಕುಮಟಾದ ವ್ಯಾಪಾರ ಕುಗ್ಗಿತು. ದರದ ಹಗ್ಗ ಮಾತ್ರ ದೂರದವರ ಕೈಯಲ್ಲೇ ಉಳಿಯಿತು. 1980ರ ಜುಲೈ 21ರಂದು ನರಗುಂದದಲ್ಲಿ ಸಿಡಿದ ರೈತ ಬಂಡಾಯಕ್ಕೆ ನೀರಿನ ಕರ, ಅಭಿವೃದ್ಧಿ ಕರಗಳು ಕಾರಣ. ಬೆಳೆಗೆ ತಕ್ಕ ಬೆಲೆ ಸಿಗದ ಸಂಕಟವೂ ಅದರ ಬೆನ್ನಿಗಿತ್ತು.

ಅರಸರ ಚರಿತ್ರೆಯನ್ನು ಶಾಸನಗಳು ಕಾಯುತ್ತವೆ. ಓಣಿಯ ಚರಿತ್ರೆ ಇರುವುದು ಹಿರಿಯರ ನೆನಪಿನಲ್ಲಿ, ಅಂಗಡಿಗಳ ಹಳೆಯ ಕೀರ್ದಿ ಪುಸ್ತಕಗಳಲ್ಲಿ. ಅವು ರದ್ದಿಗೆ ಹೋಗುವ ಮುನ್ನ ನಮ್ಮ ಶಾಲೆಯ ಮಕ್ಕಳು ಮನೆಮನೆಗೆ ಹೋಗಿ ಕೇಳಿ ಬರೆದಿಡಲಿ. ಸುವರ್ಣ ಮಹೋತ್ಸವಕ್ಕೆ ಇದಕ್ಕಿಂತ ಒಳ್ಳೆಯ ಕಾಣಿಕೆ ನನಗೆ ತೋಚದು.