ಗಾಳಿ ಹುಡ್ಕಂಡು ಬಂದೋರು

ಹೋದ ಭಾನುವಾರ ನಮ್ಮನೆ ಮುಂದೆ ಒಂದು ಕಾರು ನಿಂತ್ಕಂತು. ಇಳಿದೋರು ಗಂಡ, ಹೆಂಡ್ತಿ, ಒಂದು ಮಗು. "ಇಲ್ಲೆಲ್ಲಾದ್ರೂ ಅರ್ಧ ಎಕರೆ ಸಿಗತ್ತಾ? ಸಿಟಿ ಸಾಕಾಗಿದೆ. ಮಗು ಮಣ್ಣಲ್ಲಿ ಆಡ್ಬೇಕು, ನಮಗೆ ಒಳ್ಳೆ ಗಾಳಿ ಬೇಕು" ಅಂದ್ರು. ಜಗಲಿ ಮೇಲೆ ಅವರೆಕಾಯಿ ಸುಲೀತಾ ಕೂತಿದ್ದ ನಮ್ಮತ್ತೆ ತಲೆ ಎತ್ತಿ, "ಗಾಳಿ ಬುಡಪ್ಪ, ಕಾಸು ಕೊಡ್ದೆ ಬತ್ತದೆ. ನೀರಿಗೇನ್ ಮಾಡ್ತೀಯ?" ಅಂದ್ರು.

ಅವರು ನಕ್ಕರು. ನಮಗೆ ನಗು ಬರ್ಲಿಲ್ಲ. ಯಾಕಂದ್ರೆ ನಮ್ಮನೇಲೂ ಈಗ ಅದೇ ಮಾತು ನಡೀತಾ ಐತೆ. ಹಿಂದಲ ಅರ್ಧ ಎಕರೆ ಮಾರಾನ ಅಂತಾರೆ ಮೈದುನ, ಬ್ಯಾಡ ಅಂತಾರೆ ಅತ್ತೆ.

ಗಾಳಿ ಹುಡ್ಕಂಡು ನಮ್ಮ ಸೀಮೆಗೆ ಬರೋದು ಇವತ್ತಿನ ಕತೆ ಅಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರ ದಂಡು ಶ್ರೀರಂಗಪಟ್ಟಣದಲ್ಲೇ ಇತ್ತು. ಅಲ್ಲಿನ ಚಳಿಜ್ವರಕ್ಕೆ ಸಿಪಾಯಿಗಳು ಮಲಗಿಬಿಟ್ರು. ಅದಕ್ಕೇ 1809ರಲ್ಲಿ ದಂಡನ್ನ ಬೆಂಗಳೂರಿನ ಹಲಸೂರು ಕಡೆಗೆ ತಂದ್ರು. ಸುಮಾರು 3,000 ಅಡಿ ಎತ್ತರದ ಊರು, ಬೇಸಗೇಲೂ ರಾತ್ರಿ ತಂಪು. ದೊಡ್ಡ ಕಾಂಪೌಂಡಿನ ಬಂಗಲೆಗಳು ಎದ್ದವು. 1896ರಲ್ಲಿ ಇಲ್ಲಿಗೆ ಬಂದ ಚರ್ಚಿಲ್ ಸಾಹೇಬ ಪೋಲೋ ಆಡ್ಕಂಡು, ಚಿಟ್ಟೆ ಹಿಡ್ಕಂಡು, ಗುಲಾಬಿ ಗಿಡ ನೋಡ್ಕಂಡು ಇದ್ದ. 1898ರಲ್ಲಿ ಪ್ಲೇಗು ಬಂದಾಗ ಪೇಟೆ ಜನಾನೂ ಇಕ್ಕಟ್ಟು ಬೀದಿ ಬಿಟ್ಟು ಗಾಳಿ ಬೆಳಕು ಬೇಕು ಅಂದ್ರು. ಬಸವನಗುಡಿ, ಮಲ್ಲೇಶ್ವರ ಹಂಗೆ ಬೆಳೆದಿದ್ದು.

ಆದ್ರೆ ನಮಗೆ ತೀರಾ ಹತ್ತಿರದ ಕತೆ ಅಂದ್ರೆ ವೈಟ್‌ಫೀಲ್ಡ್. ಹೆಸರು ಕೇಳಿ ಬಿಳೀ ಹೊಲ ಅಂತ ಅಂದ್ಕಂಬ್ಯಾಡಿ. ವೈಟ್ ಅನ್ನೋದು ಮನುಷ್ಯನ ಹೆಸರು. ಡಿ.ಎಸ್. ವೈಟ್ ಮದ್ರಾಸಿನೋರು, ಆಂಗ್ಲೋ ಇಂಡಿಯನ್ ಜನರ ಮುಖಂಡರು. ಆ ಜನ ರೈಲ್ವೆ, ತಂತಿ ಇಲಾಖೆ, ಸರ್ಕಾರಿ ಕಚೇರಿ ಅಂತ ಕೆಲಸಕ್ಕೇ ಅಂಟ್ಕಂಡಿದ್ದೋರು. ಕೆಲಸ ಕಮ್ಮಿ ಆಗ್ತಾ ಬಂದಂಗೆ, ನಮ್ಮದೇ ಭೂಮಿ ಇದ್ರೆ ಉತ್ತು ಬಿತ್ತು ಬದುಕ್ಬಹುದು ಅಂತ ವೈಟ್ ಲೆಕ್ಕ ಹಾಕಿದ್ರು. 1882ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು 3,900 ಎಕರೆ ಕೊಟ್ರು. 1864ರಿಂದಲೇ ಬೆಂಗಳೂರಿಗೂ ಮದ್ರಾಸಿಗೂ ರೈಲು ಓಡ್ತಿತ್ತು, ಅದೂ ಹತ್ತಿರ. ದುಂಡಗೆ ಒಂದು ಸರ್ಕಲ್ ಮಾಡಿ, ಸುತ್ತ ಮನೆ, ಮನೆಗೊಂದು ತೋಟ ಅಂತ ಊರು ಕಟ್ಟಿದ್ರು. ಹಳೇ ಭಾಗವನ್ನ ಇವತ್ತಿಗೂ ಇನ್ನರ್ ಸರ್ಕಲ್ ಅಂತಾರೆ.

ಊರೇನೋ ಆಯ್ತು, ಬೇಸಾಯ ಕೈ ಹಿಡೀಲಿಲ್ಲ. ಕಚೇರೀಲಿ ಕೂತು ಬರೆದೋರಿಗೆ ಮಳೆ ನಂಬಿದ ಹೊಲದ ಕಷ್ಟ ಎಲ್ಲಿ ಗೊತ್ತಾಗ್ಬೇಕು? ಎಷ್ಟೋ ಜನ ಬಿಟ್ಟು ಹೋದ್ರು. ಉಳ್ಕಂಡೋರಲ್ಲಿ ಪಿಂಚಣಿ ಬರ್ತಿದ್ದೋರೇ ಜಾಸ್ತಿ. ಅವರಿಗೆ ಹೊಲ ಅನ್ನ ಕೊಡ್ಬೇಕಾಗಿರ್ಲಿಲ್ಲ. ನೆರಳು, ಹೂವು, ಸಂಜೆ ತಿರುಗಾಡೋಕೆ ಜಾಗ ಕೊಟ್ರೆ ಸಾಕಾಗಿತ್ತು.

ಅಂಥಾ ಊರು 1990ರ ದಶಕದಲ್ಲಿ ಐಟಿಪಿಎಲ್ ಬಂದ ಮೇಲೆ ಏನಾಯ್ತು ಅಂತ ನಿಮಗೇ ಗೊತ್ತು. 2023ರ ಮಾರ್ಚಲ್ಲಿ ಕಾಡುಗೋಡಿವರೆಗೆ ಮೆಟ್ರೋನೂ ಬಂತು. ಈಗ ಆ ವೈಟ್‌ಫೀಲ್ಡಿಂದಲೇ ಗಾಳಿ ಹುಡ್ಕಂಡು ನಮ್ಮ ಅನುಗೊಂಡನಹಳ್ಳಿಗೆ ಬತ್ತಾವ್ರೆ.

ಬರೋದು ತಪ್ಪು ಅಂತ ನಾನು ಹೇಳಲ್ಲ. ನಮ್ಮ ಮಕ್ಳು ಕೆಲಸಕ್ಕೆ ಅಲ್ಲಿಗೆ ಹೋಗೋದು ಸರಿ, ಅವರು ಇಲ್ಲಿಗೆ ಬರೋದು ತಪ್ಪು ಅಂದ್ರೆ ಅದು ನ್ಯಾಯ ಅಲ್ಲ. ಆದ್ರೆ ಸಿಟಿ ನಮ್ಮ ಕಡೆಗೆ ಬರೋದು ಕಾರಲ್ಲಿ ಮಾತ್ರ ಅಲ್ಲ. ಬೆಳ್ಳಂದೂರು ಕೆರೆ ನೀರು ವರ್ತೂರು ಕೆರೆಗೆ, ವರ್ತೂರು ಕೋಡಿ ನೀರು ದಕ್ಷಿಣ ಪಿನಾಕಿನಿಗೆ ಬರ್ತದೆ. 2015ರಲ್ಲಿ ಆ ಕೆರೆಗಳ ನೊರೆ ರಸ್ತೆಗೇ ಹಾರಿ ಬಿದ್ದಿದ್ದು ಎಲ್ಲರೂ ಟೀವೀಲಿ ನೋಡಿದ್ರು. ನಮ್ಮತ್ತೆ ಮದುವೆಯಾಗಿ ಬಂದಾಗ ಹೊಳೇಲಿ ಬಟ್ಟೆ ಒಗೀತಿದ್ರಂತೆ. ಈಗ ಕಾಲೂ ಇಡಲ್ಲ.

ಅವತ್ತು ಬಂದೋರಿಗೆ ಕುಡಿಯೋಕೆ ನೀರು ಕೊಟ್ಟೆ. ಬೋರಿನ ನೀರಲ್ಲ, ಶುದ್ಧ ನೀರಿನ ಘಟಕದಿಂದ ಮೈದುನ ಬೈಕಲ್ಲಿ ತಂದ ಕ್ಯಾನ್ ನೀರು. ಆಯಮ್ಮ ಕುಡಿದು, "ಹಳ್ಳಿ ನೀರಿನ ರುಚೀನೇ ಬೇರೆ" ಅಂದ್ರು. ನಾನು ಬಾಯಿ ಬಿಡ್ಲಿಲ್ಲ. ಅತ್ತೆ ಅವರ ಮಡ್ಲಿಗೆ ಎರಡು ಬೊಗಸೆ ಅವರೆಕಾಯಿ ಹಾಕಿದ್ರು. ಅವರು ಬರೆದುಕೊಟ್ಟ ಫೋನ್ ನಂಬರು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದು ಹಂಗೇ ಐತೆ. ಮೈದುನ ದಿನಾ ಒಂದ್ಸಲ ಅದನ್ನ ನೋಡ್ತಾರೆ. ನಮ್ಮತ್ತೆ ಇನ್ನೂ ಹೂಂ ಅಂದಿಲ್ಲ.